ಮಿಸ್ಟರ್ ಕೀಲಿ ಇಲ್ಲದ ಕೋಟೆ

ಬೇಸಿಗೆಯ ಬಟ್ಟೆಗಳನ್ನು ಒಳಗಿಟ್ಟು ಚಳಿಗಾಲದ ಕೋಟುಗಳನ್ನು ಹೊರಗೆ ತೆಗೆಯುವುದು ನ್ಯೂಜೆರ್ಸಿಯ ಮನೆಗಳಲ್ಲಿ ಪ್ರತಿ ವರ್ಷದ ರಗಳೆ. ಹೋದ ಭಾನುವಾರ ಆ ರಗಳೆಯಲ್ಲಿದ್ದಾಗ ಕ್ಲಾಸೆಟ್ಟಿನ ತಳದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಮಳೆಯಂಗಿ ಸಿಕ್ಕಿತು. ತೋಳಿಲ್ಲ, ಗುಂಡಿಯಿಲ್ಲ, ತಲೆ ತೂರಿಸಲು ಒಂದು ತೂತು ಮಾತ್ರ. ಹಾಕಿಕೊಂಡವರು ಯಾರೇ ಆಗಲಿ, ಲಾರಿಗೆ ಹೊದಿಸಿದ ಟಾರ್ಪಾಲಿನ ಹಾಗೆ ಕಾಣಬೇಕು, ಅಂಥ ಅಂಗಿ. "ಇದನ್ನ ಎಸೆದುಬಿಡ್ಲಾ?" ಎಂದು ನನ್ನ ಗಂಡ ಶ್ರೀಧರ ಕೇಳಿದ. ಬೇಡ ಎಂದೆ. ಅವನು ಇನ್ನೊಂದು ಮಾತು ಕೇಳದೆ ಅದನ್ನು ಮಡಿಸಿ ಇದ್ದಲ್ಲೇ ಇಟ್ಟ. ಅವನಿಗೆ ಗೊತ್ತು. ನಿಮಗೆ ಗೊತ್ತಿರಲು ಕಾರಣವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಬಾಸ್ಕಿಂಗ್ ರಿಡ್ಜ್ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಫ್ರೆಂಚ್ ಟೀಚರ್. ಕನ್ನಡದವರ ಪಾರ್ಟಿಗಳಲ್ಲಿ ಈ ಮಾತು ಹೇಳಿದರೆ ಎದುರಿನವರು ಒಂದು ಗಳಿಗೆ ತಡೆದು "ಫ್ರೆಂಚಾ?" ಅನ್ನುತ್ತಾರೆ. ಅವರದು ತಪ್ಪಲ್ಲ. ಈ ಏರಿಯಾದಲ್ಲಿ ಐಟಿಯವರು ಸಿಗುತ್ತಾರೆ, ಡಾಕ್ಟರು ಸಿಗುತ್ತಾರೆ, ಔಷಧಿ ಕಂಪನಿಯವರು ಬೇಕಾದಷ್ಟು ಸಿಗುತ್ತಾರೆ. ದಾವಣಗೆರೆಯಿಂದ ಬಂದು ಅಮೆರಿಕದ ಮಕ್ಕಳಿಗೆ ಫ್ರೆಂಚ್ ಕಲಿಸುವ ಹೆಂಗಸು ಸಿಗುವುದು ಅಪರೂಪ. ಇದಕ್ಕೆಲ್ಲ ಕಾರಣ ಪಿಯುಸಿ. ಸೆಕೆಂಡ್ ಲ್ಯಾಂಗ್ವೇಜಿಗೆ ಫ್ರೆಂಚ್ ತಗೊಂಡರೆ ಮಾರ್ಕ್ಸ್ ಸುರಿಯುತ್ತಾರೆ ಎಂದು ಯಾರೋ ಹೇಳಿದರು, ತಗೊಂಡೆ. ಮಾರ್ಕ್ಸಿನ ಆಸೆಗೆ ಹಿಡಿದ ಭಾಷೆ ಆಮೇಲೆ ನನ್ನನ್ನು ಬಿಡಲಿಲ್ಲ, ಎಂ.ಎ.ವರೆಗೂ ಎಳೆದುಕೊಂಡು ಹೋಯಿತು. "ಅಲ್ಲವ್ವ, ಇದನ್ನ ಕಲ್ತು ಮಂಡಿಪೇಟೆಯಾಗೆ ಯಾರ ಕೂಡ ಮಾತಾಡ್ತಿ?" ಎಂದು ನಮ್ಮ ಸೋದರಮಾವ ಕೇಳಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇಲ್ಲಿನ ಪರೀಕ್ಷೆಗಳನ್ನೂ ಪಾಸು ಮಾಡಿ, ಮಾತಾಡಲು ಜನ ಹುಡುಕಿಕೊಂಡೆ. ಎಲ್ಲರೂ ಹನ್ನೆರಡು ಹದಿಮೂರರ ವಯಸ್ಸಿನವರು, ಅವರಿಗೆ ನನ್ನ ಹತ್ತಿರ ಯಾವ ಭಾಷೆಯಲ್ಲೂ ಮಾತಾಡುವ ಇಷ್ಟವಿಲ್ಲ, ಅದು ಬೇರೆ. ಅವರು ನನ್ನನ್ನು 'ಮದಾಮ್' ಎನ್ನುತ್ತಾರೆ. ಅಮ್ಮನ ಕಿವಿಗೆ ಅದು ಮೇಡಂ ಎಂದೇ ಬಿದ್ದು, ಅಮೆರಿಕದಲ್ಲೂ ನಮ್ಮ ಹುಡುಗಿಗೆ ಮೇಡಂ ಅಂತಾರೆ ಎಂದು ಊರು ತುಂಬ ಹೇಳಿಕೊಂಡು ಬಂದಳು.

ದೊಡ್ಡವರಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವರು ಒಬ್ಬರೇ, ಹಿಸ್ಟರಿ ಟೀಚರ್ ಮಿಸ್ಟರ್ ಕೀಲಿ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಉದ್ದ ಆಳು, ಸ್ವಲ್ಪ ಬಾಗಿದ ಹೆಗಲು, ಯಾವ ಕಾಲಕ್ಕೂ ಒಂದೇ ಕಂದು ಸ್ವೆಟರು. ಮದುವೆಯಾದವರಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುವಾಗ ನಾವಿಬ್ಬರು ಮಾತ್ರ ಕೊನೆಯವರೆಗೂ ಮದಾಮ್, ಮಿಸ್ಟರ್ ಕೀಲಿ ಎಂದೇ ಉಳಿದುಬಿಟ್ಟೆವು. ಮೇಷ್ಟ್ರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಅವರಿಗೆ ಯಾಕೆ ಏಳಲಿಲ್ಲವೋ, ಕೇಳಲಿಲ್ಲ.

ನಮ್ಮ ಕಡೆ ಕೀಲಿ ಎಂದರೆ ಬೀಗ. ಅಮ್ಮ ಆರು ತಿಂಗಳಿಗೆಂದು ಬಂದಿದ್ದಾಗ ಈ ಹೆಸರು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. "ಕೀಲಿ ಅಂತ ಯಾರಾದ್ರು ಹೆಸರು ಇಟ್ಕಂತಾರಾ?" ಮರುದಿನ ಊಟದ ಹೊತ್ತಿನಲ್ಲಿ ಅವರಿಗೇ ಹೇಳಿದೆ. ಅವರು ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿ, "ನಿಮ್ಮ ಅಮ್ಮ ಹೇಳೋದು ಸರಿಯಿದೆ ಮದಾಮ್. ಕೀಲಿಕೈ ಎಲ್ಲಿಟ್ಟಿದ್ದೀನೋ ನನಗೂ ನೆನಪಿಲ್ಲ," ಎಂದರು. ಆಮೇಲೆ ನನ್ನ ಡಬ್ಬಿಯ ಕಡೆ ನೋಡಿ, ಆ ಹಳದಿ ಅನ್ನದ ಹೆಸರೇನು ಎಂದು ಕೇಳಿದರು. ಚಿತ್ರಾನ್ನ ಎಂದೆ. ಅಂದಿನಿಂದ ಚಿತ್ರಾನ್ನ ಮಾಡಿದ ದಿನ ಎರಡು ಡಬ್ಬಿ ಒಯ್ಯುವುದು ರೂಢಿಯಾಯಿತು.

ಕೋಟೆಗೆ ಹೋಗುವ ಯೋಚನೆ ನನ್ನದು. ನ್ಯೂಯಾರ್ಕ್ ರಾಜ್ಯದ ಮೇಲ್ತುದಿಯಲ್ಲಿ, ಶಾಂಪ್ಲೇನ್ ಸರೋವರದ ದಂಡೆಯಲ್ಲಿ, ಫ್ರೆಂಚರು ಕಟ್ಟಿದ ಒಂದು ಹಳೆಯ ಕೋಟೆಯಿದೆ. ನಮ್ಮಲ್ಲಿಂದ ಬಸ್ಸಿನಲ್ಲಿ ಐದು ಗಂಟೆಯ ದಾರಿ. ಫ್ರೆಂಚ್ ಎಂದರೆ ಪ್ಯಾರಿಸ್ಸಿನ ಗೋಪುರ ಒಂದೇ ಅಲ್ಲ, ಈ ನೆಲದಲ್ಲೂ ಆ ಭಾಷೆ ಆಡಿಕೊಂಡು ರೊಟ್ಟಿ ಸುಟ್ಟುಕೊಂಡು ಬದುಕಿದವರು ಇದ್ದರು ಎಂದು ಮಕ್ಕಳಿಗೆ ತೋರಿಸುವ ಆಸೆ. ಪ್ರಿನ್ಸಿಪಾಲರು ಲೆಕ್ಕ ಹಾಕಿ, ಒಂದೇ ಬಸ್ಸಿನಲ್ಲಿ ಎರಡು ಸಬ್ಜೆಕ್ಟ್ ಮುಗಿಯಲಿ ಎಂದು ಹಿಸ್ಟರಿಯನ್ನೂ ಸೇರಿಸಿದರು. ಮಿಸ್ಟರ್ ಕೀಲಿಗೆ ಮನಸ್ಸಿರಲಿಲ್ಲ. "ಸೋತವರ ಕೋಟೆ ನೋಡಲು ಅಷ್ಟು ದೂರ ಯಾಕೆ ಮದಾಮ್? ನಿಮ್ಮ ಕಡೆಯವರು ಅಲ್ಲಿ ಸೋತರು," ಎಂದರು.

"ನನ್ನ ಕಡೆಯವರು ಫ್ರೆಂಚರಲ್ಲ, ಮಿಸ್ಟರ್ ಕೀಲಿ."

"ಶುಕ್ರವಾರ ನಿಮ್ಮ ಟೆಸ್ಟ್ ಇದ್ದಾಗ ಮಕ್ಕಳನ್ನ ಕೇಳಿ ನೋಡಿ, ನೀವು ಫ್ರೆಂಚರೇ ಅಂತಾರೆ."

ಹೋದೆವು. ಜೂನ್ ಮೊದಲ ವಾರ, ಧೋ ಎಂದು ಮಳೆ. ಬಸ್ಸಿನಿಂದ ಇಳಿದು ನೋಡಿದರೆ ನನಗೆ ನಾಚಿಕೆಯಾಯಿತು. ಇದಾ ಕೋಟೆ? ಮೊಣಕಾಲೆತ್ತರ, ಹೆಚ್ಚೆಂದರೆ ಆಳೆತ್ತರ ಉಳಿದಿರುವ ಸುಣ್ಣಕಲ್ಲಿನ ಮೋಟು ಗೋಡೆಗಳು, ನಡುವೆ ಹುಲ್ಲು, ಆಚೆಗೆ ಬೂದು ಬಣ್ಣದ ನೀರು. ಚಿತ್ರದುರ್ಗದ ಏಳು ಸುತ್ತು ನೋಡಿ ಬೆಳೆದ ಕಣ್ಣಿಗೆ ಇದು ಯಾರೋ ಅರ್ಧಕ್ಕೆ ಬಿಟ್ಟ ಸೈಟಿನ ಪಾಯದಂತೆ ಕಂಡಿತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮನ್ನು ದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಬಾಡಿಗೆ ಬಸ್ಸು, ಚಪಾತಿ, ಶೇಂಗಾ ಚಟ್ನಿ, ಬಿಸಿಲಿಗೆ ಹುಳಿಯಾದ ಮೊಸರನ್ನ. ಒನಕೆ ಹಿಡಿದು ಶತ್ರುಗಳ ತಲೆಯ ಮೇಲೆ ಬಡಿದ ಹೆಂಗಸಿನ ಕಿಂಡಿಯಿದೆಯಲ್ಲ, ಅದರಲ್ಲಿ ಎಲ್ಲರೂ ತೂರಿ ಬರಬೇಕೆಂದು ನಮ್ಮೊಳಗೆ ಪಂಥ. ಸ್ವಲ್ಪ ಗುಂಡಗಿದ್ದ ನಾನು ನಡುವೆ ಸಿಕ್ಕಿಹಾಕಿಕೊಂಡೆ. ಹಿಂದಿನಿಂದ ನಮ್ಮ ಡ್ರಿಲ್ ಮೇಷ್ಟ್ರು "ಉಸಿರು ಬಿಡು, ಅಳಬ್ಯಾಡ, ಮೊದ್ಲು ಉಸಿರು ಬಿಡು" ಎನ್ನುತ್ತಿದ್ದರು. ಮುಂದೆ ನಿಂತ ಗೆಳತಿಯರು ಕೈ ಹಿಡಿದು ಎಳೆದರು. ಲಂಗದ ಅಂಚು ಕೋಟೆಗೆ ಕೊಟ್ಟು ಬಂದೆ.

ಮಳೆಯಂಗಿ ಬಂದದ್ದು ಆ ದಿನ. ಮಿಸ್ಟರ್ ಕೀಲಿ ಅಲ್ಲಿನ ಪುಟ್ಟ ಅಂಗಡಿಗೆ ನುಗ್ಗಿ, ಇದ್ದಬದ್ದ ಪ್ಲಾಸ್ಟಿಕ್ ಅಂಗಿಗಳನ್ನೆಲ್ಲ ಬಾಚಿ ತಂದು ಎಲ್ಲರ ತಲೆಗೂ ಒಂದೊಂದು ತೊಡಿಸಿದರು. ಆಮೇಲೆ ಮಕ್ಕಳನ್ನು ಗೋಡೆಗಳ ನಡುವೆ ನಿಲ್ಲಿಸಿ ಮಾತಾಡತೊಡಗಿದರು. ಅಷ್ಟು ವರ್ಷ ಅವರ ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡಿದ ನಾನು ಅವರ ಪಾಠ ಕೇಳಿದ್ದು ಅದೇ ಮೊದಲು.

"ಇಲ್ಲಿ ಪ್ರಾರ್ಥನೆಗೆ ಒಂದು ಪುಟ್ಟ ಚಾಪೆಲ್ ಇತ್ತು," ಎಂದರು. "ಅಲ್ಲಿ ರೊಟ್ಟಿ ಸುಡುವ ಒಲೆ. ಅಗೋ ಆ ಕಡೆ ಗಾಳಿಗಿರಣಿ. ಹೊರಗೆ ಮನೆಗಳು, ತರಕಾರಿ ಹಿತ್ತಿಲು. ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ನಡೆಯಲು ಕಲಿತರು. ಆಮೇಲೆ ಇಂಗ್ಲಿಷರ ದೊಡ್ಡ ಸೈನ್ಯ ಬರುತ್ತಿದೆ ಎಂದು ಸುದ್ದಿ ಬಂತು. ಇವರು ಇದ್ದದ್ದು ಕೆಲವೇ ಮಂದಿ. ಇಂಗ್ಲಿಷರು ಇದನ್ನು ಒಡೆಯಲಿಲ್ಲ, ಮಕ್ಕಳೇ. ಇವರೇ ಮದ್ದು ತುಂಬಿ, ಬತ್ತಿ ಹಚ್ಚಿ, ದೋಣಿ ಹತ್ತಿದರು. ತಾವು ಕಟ್ಟಿದ್ದು ಸಿಡಿಯುವ ಸದ್ದನ್ನು ಬೆನ್ನ ಹಿಂದೆ ಕೇಳಿಕೊಂಡು ನೀರಿನ ಮೇಲೆ ಹೋದರು."

ಮಳೆಯಲ್ಲಿ ಒಂದು ಮಗುವೂ ಅಲುಗಲಿಲ್ಲ. ಫ್ರೆಂಚರನ್ನು ಸೋತವರು ಎಂದು ಹಾಸ್ಯ ಮಾಡಿದ್ದ ಮನುಷ್ಯ ಅವರ ಬಗ್ಗೆ ತಮ್ಮ ಮನೆಯವರ ಬಗ್ಗೆ ಹೇಳುವಂತೆ ಹೇಳಿದರು. ಬಸ್ಸಿನಲ್ಲಿ ನಾನು ಅದನ್ನೇ ಕೇಳಿದೆ. ಒದ್ದೆ ಕೂದಲು ಒರೆಸಿಕೊಳ್ಳುತ್ತ, "ಗೆದ್ದವರ ಕಥೆ ಹೇಳೋಕೆ ಪುಸ್ತಕ ಇದೆಯಲ್ಲ ಮದಾಮ್," ಎಂದು ಕಿಟಕಿಯ ಕಡೆ ತಿರುಗಿದರು. ಶ್ರೀರಂಗಪಟ್ಟಣದಲ್ಲೂ ಫ್ರೆಂಚ್ ಸಿಪಾಯಿಗಳಿದ್ದರು, ಅಲ್ಲೂ ಇಂಗ್ಲಿಷರೇ ಗೆದ್ದರು ಎಂದು ನಾನು ಹೇಳಿದಾಗ ತಿರುಗಿ ನನ್ನ ಕಡೆಯೇ ಕೂತರು. ಆಲ್ಬನಿ ದಾಟುವವರೆಗೂ ಪ್ರಶ್ನೆ ನಿಲ್ಲಲಿಲ್ಲ.

ಆಮೇಲೆ ಅದು ಪ್ರತಿ ಜೂನಿನ ಟ್ರಿಪ್ ಆಯಿತು. ಅಲ್ಲಿ ಲೊರೇನ್ ಎಂಬ ಗೈಡ್ ಇದ್ದರು. ಅದೇ ಊರಿನವರು, ಗಿಡ್ಡ, ವಯಸ್ಸಾದ ಹೆಂಗಸು. ಆ ಕಾಲದ ಫ್ರೆಂಚ್ ಹೆಂಗಸರ ಹಾಗೆ ತಲೆಗೆ ಬಿಳಿ ಟೊಪ್ಪಿಗೆ, ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ಒಲೆಯ ಜಾಗ ತೋರಿಸಿ ರೊಟ್ಟಿಯ ಕಥೆ ಹೇಳುವುದು ಅವರ ಕೆಲಸ. ಮಿಸ್ಟರ್ ಕೀಲಿಗೂ ಅವರಿಗೂ ವರ್ಷಕ್ಕೊಮ್ಮೆ ಜಗಳ. "ಎಷ್ಟು ವರ್ಷದಿಂದ ರೊಟ್ಟಿ ಸುಡುತ್ತಿದ್ದೀರಿ, ಒಂದು ದಿನವೂ ತಿನ್ನಲು ಕೊಡಲಿಲ್ಲ," ಎಂದು ಇವರು. "ನ್ಯೂಜೆರ್ಸಿಯವರಿಗೆ ರುಚಿ ಗೊತ್ತಿದ್ದರಲ್ಲವೇ ಕೊಡೋದು," ಎಂದು ಅವರು. ಮಕ್ಕಳು ಇಳಿದಾದ ಮೇಲೆ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿ ಕೊನೆಯವರಾಗಿ ಇಳಿಯುವುದು ಮಿಸ್ಟರ್ ಕೀಲಿಯ ಪದ್ಧತಿ. ಅವರು ಮೆಟ್ಟಿಲ ಮೇಲೆ ಕಾಣುವ ಮೊದಲೇ ಲೊರೇನ್ ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ತಯಾರಾಗಿ ನಿಂತಿರುತ್ತಿದ್ದರು.

ಹೋದ ವರ್ಷದ ಟ್ರಿಪ್ಪಿನಲ್ಲಿ ಬಿಸಿಲು ಚೆನ್ನಾಗಿತ್ತು. ಮಕ್ಕಳು ಹುಲ್ಲಿನ ಮೇಲೆ ಊಟ ಮಾಡುತ್ತಿದ್ದರು. ಮಿಸ್ಟರ್ ಕೀಲಿ ನೀರಿನ ಪಕ್ಕದ ಗೋಡೆಯ ಮೇಲೆ ಕೂತಿದ್ದರು. ನಾನು ಚಿತ್ರಾನ್ನದ ಡಬ್ಬಿ ಒಯ್ದು ಕೊಟ್ಟೆ. ತೆರೆಯಲಿಲ್ಲ. ಕೆಲವು ತಿಂಗಳಿಂದ ಅವರ ಸ್ವೆಟರು ಅವರಿಗಿಂತ ದೊಡ್ಡದಾಗಿತ್ತು. ನಾನು ನೋಡಿಯೂ ಡಯಟ್ ಇರಬೇಕೆಂದುಕೊಂಡಿದ್ದೆ.

"ಮದಾಮ್, ಮುಂದಿನ ವರ್ಷ ಈ ಟ್ರಿಪ್ ನೀವೊಬ್ಬರೇ ನಡೆಸಬೇಕಾಗಬಹುದು."

"ರಿಟೈರ್ ಆಗ್ತಿದ್ದೀರಾ?"

"ಅಲ್ಲ. ಪ್ಯಾಂಕ್ರಿಯಾಸ್."

ಆ ಅಂಗಕ್ಕೆ ಕನ್ನಡದಲ್ಲಿ ಮೇದೋಜೀರಕ ಗ್ರಂಥಿ ಎನ್ನುತ್ತಾರೆ. ಎಂಟನೇ ಕ್ಲಾಸಿನಲ್ಲಿ ಅದರ ಚಿತ್ರ ಬರೆದು ಭಾಗ ಗುರುತಿಸಿ ಮಾರ್ಕ್ಸ್ ತಗೊಂಡಿದ್ದೇನೆ. ಅವರು ಹೇಳಿದ ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ಆ ಪೆನ್ಸಿಲ್ ಚಿತ್ರ, ಬೇರೇನೂ ಅಲ್ಲ. ಯಾರಿಗೆಲ್ಲ ಹೇಳಿದ್ದೀರಿ ಎಂದು ಕೇಳಿದೆ.

"ಒಹಾಯೋದಲ್ಲಿರುವ ತಂಗಿಗೆ. ಈಗ ನಿಮಗೆ. ಮಕ್ಕಳಿಗೆ ಬೇಡ. ಜೂನ್ ತಿಂಗಳು ಅವರದು."

ಬೇಸಿಗೆ ರಜೆಯಲ್ಲಿ ಕೀಮೋ ಶುರುವಾಯಿತು. ತಂಗಿಗೆ ಅವಳದೇ ಕಾಯಿಲೆ ಕಸಾಲೆ, ಬರುವ ಹಾಗಿರಲಿಲ್ಲ. ಡ್ರೈವ್ ಮಾಡಿಕೊಂಡು ಹೋಗಿ ಬರಲು ಅವರಿಗೆ ಆಗುತ್ತಿರಲಿಲ್ಲ. ನನಗೂ ರಜೆ, ನನ್ನ ಹತ್ತಿರ ಕಾರಿತ್ತು. ಇದನ್ನು ನಾವು ಕೂತು ಮಾತಾಡಿ ತೀರ್ಮಾನಿಸಿದ್ದೇನೂ ಇಲ್ಲ. ಒಂದು ದಿನ ಕರೆದುಕೊಂಡು ಹೋದೆ, ಮುಂದಿನ ಸಲ ಅವರು ಬಾಗಿಲಲ್ಲಿ ಕಾಯುತ್ತಿದ್ದರು. ಅಲ್ಲಿ ಒರಗುವ ಕುರ್ಚಿಯಲ್ಲಿ ಕೂರಿಸಿ ಡ್ರಿಪ್ ಹಾಕಿದರೆ ಅರ್ಧ ದಿನ ಅಲ್ಲೇ. ಟಿವಿ ಅವರಿಗೆ ಸೇರದು. ಓದಿದರೆ ತಲೆ ಸುತ್ತುತ್ತಿತ್ತು. "ಮಾತಾಡಿ ಮದಾಮ್. ಕ್ಲಾಸಿನಲ್ಲಿ ಮಾಡುವ ಹಾಗೆ ಪ್ರಶ್ನೆ ಮಾತ್ರ ಕೇಳಬೇಡಿ," ಎಂದರು.

ನನಗೆ ಗೊತ್ತಿದ್ದ ಕಥೆಗಳನ್ನೆಲ್ಲ ಹೇಳಿದೆ. ದುರ್ಗದ ಕಿಂಡಿಯ ಕಥೆ ಅವರಿಗೆ ತುಂಬ ಹಿಡಿಸಿತು. ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದವಳು ಶತ್ರುಗಳನ್ನು ಕಂಡಳು, ಊಟ ಕೆಡಿಸಬಾರದೆಂದು ಅವನನ್ನು ಎಬ್ಬಿಸಲಿಲ್ಲ ಎಂದಾಗ ಕಣ್ಣು ಮುಚ್ಚಿಕೊಂಡೇ ನಕ್ಕರು. "ಅವನು ಊಟ ಮುಗಿಸಿದನಾ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಇದನ್ನು ನಾನು ಯೋಚಿಸಿರಲೇ ಇಲ್ಲ. ಕಥೆಯ ನಡುವೆ ಅವರು ನಿದ್ದೆ ಹೋದರೋ ಕೇಳುತ್ತಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ ಎಂದೆ. "ಹೂಂ" ಎಂದರು. ಸರಿಯಾಗಿ ಎಂದರು, ಮೂಗಿನಿಂದ. ಫ್ರೆಂಚಿನ ಮೂಗಿನ ಸ್ವರ ಒಂದೂ ಬಾರದ ಮನುಷ್ಯ.

ಅವರಿಗೆ ಸ್ವಲ್ಪ ಊಟ ರುಚಿಸುತ್ತಿದ್ದ ಒಂದು ಶನಿವಾರ ನಾನು, ಶ್ರೀಧರ ಅವರನ್ನು ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಗಣೇಶನ ಗುಡಿಗೆ ಕರೆದುಕೊಂಡು ಹೋದೆವು. ಗುಡಿಗೆ ಎನ್ನುವುದು ನೆಪ, ಕೆಳಗಿನ ಕ್ಯಾಂಟೀನಿಗೆ. ಗದ್ದಲದ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಟ್ಟೆಯಿಂದ ಹೊರಗೆ ಚಾಚಿದ ದೋಸೆಯನ್ನು ಬಹಳ ಹೊತ್ತು ನೋಡಿದರು. ತುದಿ ಮುರಿದು ತಿಂದರು. ಅರ್ಧ ತಿಂದರು. ಪಕ್ಕದ ಟೇಬಲ್ಲಿನ ಅಜ್ಜಿಯೊಬ್ಬರು ನನ್ನನ್ನು ಮೆಲ್ಲಗೆ, "ನಿಮ್ಮವರಾ?" ಎಂದು ಕೇಳಿದರು. "ಸ್ಕೂಲಿನವರು" ಎಂದೆ.

ಸೆಪ್ಟೆಂಬರಿನಲ್ಲಿ ಅವರು ಹಠ ಹಿಡಿದು ಸ್ಕೂಲಿಗೆ ಬಂದರು. ಕುರ್ಚಿಯಲ್ಲಿ ಕೂತು ಪಾಠ ಮಾಡಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲೆ ಅದೂ ಆಗಲಿಲ್ಲ. ಡಿಸೆಂಬರಿನಲ್ಲಿ ಡಾಕ್ಟರು ಇನ್ನು ಕೀಮೋ ಬೇಡವೆಂದರು. ಮನೆಗೇ ನರ್ಸ್ ಬರುತ್ತಿದ್ದಳು. ಸ್ಕೂಲು ಬಿಟ್ಟ ಮೇಲೆ ನಾನು ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಕೊನೆಗೊಮ್ಮೆ ನಾನು ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದದ್ದೆಲ್ಲ ಮುಗಿದುಹೋದ ಹಾಗಿತ್ತು. ಸ್ಟಾಫ್ ರೂಮಿನ ಸುದ್ದಿ, ಹವಾಮಾನ, ಮಕ್ಕಳ ತರಲೆ, ಎಲ್ಲ ಆಗಿತ್ತು. ಅವರು ಕಣ್ಣು ಮುಚ್ಚಿದ್ದರು. ನಾನು ಕನ್ನಡದಲ್ಲಿ ಮಾತಾಡತೊಡಗಿದೆ. ಏನೇನೋ ಹೇಳಿದೆ, ನಮ್ಮ ಮನೆಯ ಹಿತ್ತಿಲಲ್ಲಿದ್ದ ಪಾರಿಜಾತದ ಗಿಡ, ಅಪ್ಪ ತೀರಿಹೋದಾಗ ನಾನು ಇಲ್ಲಿಂದ ಸಮಯಕ್ಕೆ ಮುಟ್ಟಲಾಗದೆ ಹೋದದ್ದು. ಶ್ರೀಧರನಿಗೂ ಅಷ್ಟು ಉದ್ದಕ್ಕೆ ಹೇಳಿರಲಿಲ್ಲ. ನಡುವೆ ಎಲ್ಲೋ ಒಂದು ಕಡೆ, ತೀರಾ ಸಣ್ಣಗೆ, "ಹೂಂ" ಎಂದರು.

ಮಾರ್ಚಿನಲ್ಲಿ ಹೋದರು.

ಆಫೀಸಿನಲ್ಲಿ ರಜೆ ಕೇಳಿದೆ. ಸತ್ತವರು ನಿಮಗೇನಾಗಬೇಕು ಎಂದು ಮೃದುವಾಗಿಯೇ ಕೇಳಿದರು. ಆ ಥರದ ರಜೆ ಮನೆಯವರಿಗೆ ಮಾತ್ರ, ನೀವು ಪರ್ಸನಲ್ ಡೇ ತಗೊಳ್ಳಿ ಎಂದರು. ತಗೊಂಡೆ. ಫ್ಯೂನರಲ್ ಹೋಮಿನಲ್ಲಿ ಅವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಟೈ ಕಟ್ಟಿದ್ದರು. ನನಗೆ ಗೊತ್ತಿರುವ ಹಾಗೆ ಟೈ ಕಟ್ಟಿದವರೇ ಅಲ್ಲ. ಕೋಲೂರಿಕೊಂಡು ಬಂದಿದ್ದ ತಂಗಿ ಸಾಲಿನಲ್ಲಿ ಬಂದವರ ಕೈಹಿಡಿದು ಮಾತಾಡಿಸುತ್ತಿದ್ದಳು. ನನ್ನ ಸರದಿ ಬಂದಾಗ, "ನೀವು ಸ್ಕೂಲಿನವರಾ? ಬಂದದ್ದಕ್ಕೆ ಥ್ಯಾಂಕ್ಯೂ," ಎಂದಳು. ಹೌದು ಎಂದೆ. ಹಿಂದೆ ಜನ ಕಾಯುತ್ತಿದ್ದರು, ಮುಂದೆ ಸರಿದೆ.

ಮನೆಗೆ ಬಂದರೆ ಅಮ್ಮ ಇದ್ದಳು. ಆ ತಿಂಗಳಷ್ಟೇ ಊರಿಂದ ಬಂದಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಯಾರವ್ವ ಹೋಗಿದ್ದು? ನಮ್ಮೋರಾ?"

"ಅಲ್ಲಮ್ಮ. ಮಿಸ್ಟರ್ ಕೀಲಿ."

"ಅಯ್ಯೋ ಪಾಪ. ಹಂಗಾದ್ರೆ ನಿಂಗೆ ಸೂತಕ ಇಲ್ಲ ಬಿಡು. ಕೈಕಾಲು ತೊಳ್ಕಂಡು ಬಾ, ಊಟ ಮಾಡು. ಮುಖ ನೋಡು ಹೆಂಗಾಗೈತಿ."

ಅವಳು ಕರುಣೆಯಿಂದಲೇ ಹೇಳಿದಳು. ಅನ್ನ, ಸಾರು ಬಡಿಸಿದಳು. ನಾನು ಊಟ ಮಾಡಿದೆ, ಮರುದಿನ ಸ್ಕೂಲಿಗೆ ಹೋದೆ. ಮಕ್ಕಳಿಗಾಗಿ ಕೌನ್ಸೆಲರುಗಳನ್ನು ಕರೆಸಿದ್ದರು, ಲೈಬ್ರರಿಯಲ್ಲಿ ಟಿಶ್ಯೂ ಪೆಟ್ಟಿಗೆಗಳಿದ್ದವು. ನಾನು ಭೂತಕಾಲದ ಕ್ರಿಯಾಪದಗಳನ್ನು ಪಾಠ ಮಾಡಿದೆ, ಆ ವಾರದ ಸಿಲಬಸ್ಸಿನಲ್ಲಿ ಅದೇ ಇತ್ತು.

ಈ ವರ್ಷದ ಟ್ರಿಪ್ ಬಿಡೋಣವೇ ಎಂದು ಪ್ರಿನ್ಸಿಪಾಲರು ಕೇಳಿದರು. ಬೇಡ, ಹೋಗೋಣ ಎಂದೆ. ಹಿಸ್ಟರಿಗೆ ಹೊಸದಾಗಿ ಬಂದಿದ್ದ ತರುಣ ಟೀಚರು ಜೊತೆಗೆ ಬರಲು ಒಪ್ಪಿದ. ಒಳ್ಳೆಯವನು. ಆದರೆ ಆ ಕೋಟೆಯನ್ನು ನೋಡಿರಲಿಲ್ಲ, ಅಲ್ಲಿನ ಮಾತು ನೀವೇ ಆಡಿ ಎಂದ. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ರಿಯಾ ಬಂದು ಕೂತಳು. ಹುಬ್ಬಳ್ಳಿ ಕಡೆಯವರ ಮಗಳು, ಇಲ್ಲೇ ಹುಟ್ಟಿದವಳು. ಸ್ಕೂಲಿನಲ್ಲಿ ನಾನು ಮದಾಮ್, ಯುಗಾದಿ ಊಟಕ್ಕೆ ಸೇರಿದಾಗ ಆಂಟಿ. ಗಡಿಬಿಡಿಯಲ್ಲಿ ಒಮ್ಮೊಮ್ಮೆ 'ಮದಾಮ್ ಆಂಟಿ' ಎಂದುಬಿಡುತ್ತಾಳೆ.

"ಮದಾಮ್, ವಾಸ್ ಹೀ ಯುವರ್ ಬೆಸ್ಟ್ ಫ್ರೆಂಡ್?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ," ಎಂದೆ, ಕನ್ನಡದಲ್ಲಿ. ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ತನ್ನ ಚಿಪ್ಸ್ ಪ್ಯಾಕೆಟನ್ನು ನನ್ನ ಕಡೆ ಚಾಚಿದಳು.

ಕೋಟೆ ಬಂತು. ಬಸ್ಸು ನಿಂತ ಜಾಗದಲ್ಲೇ ಲೊರೇನ್ ಬಿಳಿ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದರು. ಚಳಿಗಾಲದಲ್ಲಿ ಆ ಜಾಗ ಮುಚ್ಚಿರುತ್ತದೆ. ಅವರಿಗೆ ಯಾರು ಸುದ್ದಿ ಮುಟ್ಟಿಸಬೇಕು? ನನಗೆ ಹೊಳೆದೇ ಇರಲಿಲ್ಲ. ಮಕ್ಕಳು ಇಳಿದರು, ಹೊಸ ಟೀಚರು ಇಳಿದ, ನಾನು ಇಳಿದೆ. ಲೊರೇನ್ ನನಗೆ ಕೈಬೀಸಿ, ಸೊಂಟಕ್ಕೆ ಕೈಯಿಟ್ಟುಕೊಂಡು, ತುಟಿಯಲ್ಲಿ ನಗು ಹಿಡಿದು ಬಸ್ಸಿನ ಬಾ​ಗಿಲನ್ನೇ ನೋಡುತ್ತ ನಿಂತರು. ಒಳಗೆ ಯಾರೂ ಇರಲಿಲ್ಲ. ಡ್ರೈವರ್ ಬಾಗಿಲು ಮುಚ್ಚಿದ. ಅವರು ಮುಚ್ಚಿದ ಬಾಗಿಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮೊದಲು ಕೆಲಸ ಮುಗಿಯಬೇಕಲ್ಲ. ಮಕ್ಕಳನ್ನು ಗೋಡೆಗಳ ನಡುವೆ ಸೇರಿಸಿದೆ. ಇಲ್ಲಿ ಚಾಪೆಲ್ ಇತ್ತು ಎಂದೆ, ಗಾಳಿಗಿರಣಿಯ ದಿಕ್ಕು ತೋರಿಸಿದೆ. ಸೈನ್ಯ ಬರುತ್ತಿದೆ ಎಂಬ ಸುದ್ದಿಯವರೆಗೆ ಬಂದೆ. ಅಲ್ಲಿಂದ ಮುಂದೆ ನನಗೆ ದನಿ ಬರಲಿಲ್ಲ. ಮದ್ದು, ಬತ್ತಿ, ದೋಣಿ, ಎಲ್ಲವೂ ಬಾಯಿಪಾಠವಿತ್ತು. ಮಕ್ಕಳು ಕಾದರು. ಕೊನೆಗೆ ಲೊರೇನ್ ನನ್ನ ಪಕ್ಕಕ್ಕೆ ಬಂದು ನಿಂತು, ತಮ್ಮದೇ ರೀತಿಯಲ್ಲಿ, ಒಲೆಯ ಕಡೆಯಿಂದ ಕಥೆಯನ್ನು ಎತ್ತಿಕೊಂಡರು. ಆ ದಿನ ಬೆಳಿಗ್ಗೆ ಹಿಟ್ಟು ನಾದಿಟ್ಟಿದ್ದ ಹೆಂಗಸು ಅದನ್ನು ಹಾಗೇ ಬಿಟ್ಟು ದೋಣಿ ಹತ್ತಿದಳು ಎಂದು ಹೇಳಿದರು. ಇತಿಹಾಸದಲ್ಲಿ ಅದಕ್ಕೆ ಆಧಾರವಿದೆಯೋ ಇಲ್ಲವೋ. ಮಿಸ್ಟರ್ ಕೀಲಿ ಇದ್ದಿದ್ದರೆ ಆಕ್ಷೇಪ ಎತ್ತುತ್ತಿದ್ದರು.

ಮಕ್ಕಳನ್ನು ಊಟಕ್ಕೆ ಬಿಟ್ಟೆವು. ರಿಯಾ ನನ್ನ ಮುಖ ನೋಡಿ, ನಾನು ಹೇಳುವ ಮೊದಲೇ ಉಳಿದವರನ್ನು ದೂರದ ಮರಗಳ ಕಡೆ ಎಬ್ಬಿಸಿಕೊಂಡು ಹೋದಳು. ನಾನು, ಲೊರೇನ್ ನೀರಿನ ಕಡೆಯ ಗೋಡೆಯ ಮೇಲೆ ಕೂತೆವು. ಅವರು ಅಳುತ್ತಿದ್ದರು. ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು, "ನನಗೆ ಅವರ ಮೊದಲ ಹೆಸರೂ ಗೊತ್ತಿಲ್ಲ, ನೋಡಿ," ಎಂದರು. "ವರ್ಷಕ್ಕೆ ಒಂದು ದಿನ. ಚಳಿಗಾಲವೆಲ್ಲ ಅವರಿಗೆ ಏನು ತಿರುಗಿ ಹೇಳಬೇಕೆಂದು ಯೋಚಿಸಿಟ್ಟಿರುತ್ತಿದ್ದೆ. ಅವರ ಮನೆಯಲ್ಲಿ ಯಾರಾದರೂ ಇದ್ದಾರಾ? ನಾನು ಯಾರಿಗೆ ಹೇಳಬೇಕು, ನನಗೆ ದುಃಖವಾಯಿತು ಅಂತ?"

"ನನಗೆ ಹೇಳಿ," ಎಂದೆ.

ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಟ್ಟು ನಾದುವವರ ಹಾಗೆ ಗಟ್ಟಿ ಕೈ. "ಹೇಗಾಯಿತು?" ಎಂದು ಕೇಳಿದರು. ಆವರೆಗೆ ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

ನಾನು ಹೇಳತೊಡಗಿದೆ. ದೊಡ್ಡದಾಗಿದ್ದ ಸ್ವೆಟರಿನಿಂದ ಶುರು ಮಾಡಿದೆ. ಕಾರಿನಲ್ಲಿ ಅವರು ಸೀಟ್‌ಬೆಲ್ಟನ್ನು ಹೊಟ್ಟೆಗೆ ತಾಗದಂತೆ ಕೈಯಲ್ಲಿ ಎತ್ತಿ ಹಿಡಿದುಕೊಳ್ಳುತ್ತಿದ್ದದ್ದು, ದೋಸೆಯ ತುದಿ ಮುರಿದದ್ದು, ಕ್ಲಾಸಿನಲ್ಲಿ ಕೂತು ಪಾಠ ಮಾಡಿದ ಮೊದಲ ದಿನ ಒಬ್ಬ ಹುಡುಗನೂ ಗದ್ದಲ ಮಾಡದೆ ಇದ್ದದ್ದಕ್ಕೆ ಅವರು ಬೇಜಾರು ಮಾಡಿಕೊಂಡದ್ದು. ಒಂದನ್ನೂ ಬಿಡದೆ, ಒಂದಾದ ಮೇಲೊಂದು. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದೆ. ಎಷ್ಟು ಹೊತ್ತಾಯಿತೋ. ಆಚೆ ಮಕ್ಕಳು ಬುತ್ತಿ ಕಟ್ಟಿ ಎದ್ದು ನಿಂತಿದ್ದರು. ಹೊಸ ಟೀಚರು ಅವರನ್ನು ಸಾಲಾಗಿ ಬಸ್ಸಿಗೆ ಹತ್ತಿಸುತ್ತಿದ್ದ.

ಡ್ರೈವರ್ ಒಮ್ಮೆ ಹಾರ್ನ್ ಮಾಡಿದ. ನಾನು ಇನ್ನೂ ಡಿಸೆಂಬರಿನಲ್ಲೇ ಇದ್ದೆ. ಗಡಬಡಿಸಿ ಏಳಲು ಹೋದೆ. ಲೊರೇನ್ ಕೈ ಬಿಡಲಿಲ್ಲ.

"ಕೂತುಕೊಳ್ಳಿ," ಎಂದರು. "ಬಸ್ಸು ಕಾಯುತ್ತೆ. ಡಿಸೆಂಬರ್ ಆದ ಮೇಲೆ ಏನಾಯಿತು, ಹೇಳಿ."